‘ಶಾರ್ಟ್ ಶ್ರಿಫ್ಟ್’ ಒಳಗೆ ಅಡಗಿದ ಹಳೆಯ ಕ್ರಿಯಾಪದ

ನಮಸ್ಕಾರ. ಸರ್ಕಾರವು ಸಮಿತಿಯ ವರದಿಗೆ ‘ಶಾರ್ಟ್ ಶ್ರಿಫ್ಟ್’ ಕೊಟ್ಟಿತು ಎಂಬಂಥ ವಾಕ್ಯಗಳು ಇಂಗ್ಲಿಷ್ ಪತ್ರಿಕೆಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತವೆ. ಕ್ಯಾರೇ ಎನ್ನಲಿಲ್ಲ ಎಂಬುದು ಅದರ ತಾತ್ಪರ್ಯವೆಂದು ಬಹಳ ಮಂದಿಗೆ ಗೊತ್ತು. ಆದರೆ ಈ ‘ಶ್ರಿಫ್ಟ್’ ಎಂದರೇನು ಎಂಬುದು ನಮ್ಮ ವೀಕ್ಷಕರೊಬ್ಬರ ಪ್ರಶ್ನೆ.

ಇದು ‘ಶ್ರೈವ್’ ಎಂಬ ಹಳೆಯ ಕ್ರಿಯಾಪದದ ನಾಮರೂಪ. ಪಾದ್ರಿಯು ಪಾಪನಿವೇದನೆಯನ್ನು ಆಲಿಸಿ, ಪ್ರಾಯಶ್ಚಿತ್ತ ವಿಧಿಸಿ, ಕ್ಷಮೆ ಸಾರುವುದೇ ಶ್ರೈವ್. ಅದರ ಭೂತಕಾಲದ ರೂಪ ‘ಶ್ರೋವ್’. ವ್ಯಾಕರಣ ಇಷ್ಟು ಸಾಕು, ಏಕೆಂದರೆ ಸ್ವಾರಸ್ಯವಿರುವುದು ಮೂಲದಲ್ಲಿ. ಈ ಪದ ಬಂದದ್ದು ಬರೆಯುವುದು ಎಂಬರ್ಥದ ಲ್ಯಾಟಿನ್ ‘ಸ್ಕ್ರೀಬೆರೆ’ಯಿಂದ.

ಪಾಪ ಕೇಳುವುದಕ್ಕೂ ಬರೆಯುವುದಕ್ಕೂ ಎಲ್ಲಿಯ ನಂಟು? ರೋಗಿಯ ಗೋಳು ಕೇಳಿ ಡಾಕ್ಟರು ಚೀಟಿ ಬರೆದುಕೊಡುವುದನ್ನು ನೆನೆಯಿರಿ. ಮಧ್ಯಯುಗದ ಪಾದ್ರಿಗಳಿಗೂ ಪ್ರಾಯಶ್ಚಿತ್ತದ ಕೈಪಿಡಿಗಳಿದ್ದವು. ಯಾವ ಪಾಪಕ್ಕೆ ಎಷ್ಟು ಕಾಲ ಬರೀ ರೊಟ್ಟಿ, ನೀರಿನಲ್ಲಿ ಉಪವಾಸವಿರಬೇಕೆಂದು ಅವು ಪಟ್ಟಿ ಮಾಡಿದ್ದವು. ಒಂದೇ ತಪ್ಪಿಗೆ ಸಾಮಾನ್ಯನಿಗಿಂತ ಧರ್ಮಗುರುವಿಗೆ ಹೆಚ್ಚಿನ ಡೋಸು ಬೀಳುತ್ತಿದ್ದುದೂ ಉಂಟು. ನನಗಂತೂ ಈ ನಿಯಮ ಬಹಳ ಹಿಡಿಸಿತು. ‘ಪ್ರಿಸ್ಕ್ರಿಪ್ಷನ್’ ಕೂಡ ಅದೇ ಲ್ಯಾಟಿನ್ ಬೇರಿನದಾದ್ದರಿಂದ ಚೀಟಿಯ ಹೋಲಿಕೆ ಬರೀ ನನ್ನ ಕಲ್ಪನೆಯಲ್ಲ. ಇನ್ನೊಂದು ತಮಾಷೆ ನೋಡಿ: ಜರ್ಮನ್ನರು ಇದೇ ಪದವನ್ನು ‘ಶ್ರೈಬೆನ್’ ಎಂದು ದಿನನಿತ್ಯದ ಬರವಣಿಗೆಗೆ ಹಚ್ಚಿದರೆ, ಇಂಗ್ಲಿಷರು ಮೊದಲು ಗೀಚುವುದು ಎಂಬರ್ಥವಿದ್ದ ತಮ್ಮ ‘ರೈಟ್’ ಅನ್ನು ಆ ಕೆಲಸಕ್ಕೆ ಇಟ್ಟುಕೊಂಡು, ಎರವಲು ಪದವನ್ನು ಚರ್ಚಿಗೆ ಒಪ್ಪಿಸಿಬಿಟ್ಟರು.

ಇನ್ನು ‘ಶಾರ್ಟ್ ಶ್ರಿಫ್ಟ್’. ಶಿರಚ್ಛೇದಕ್ಕೆ ಮುನ್ನ ಪಾಪನಿವೇದನೆಗೆ ಕೊಡುತ್ತಿದ್ದ ಅಲ್ಪಾವಧಿ ಅದು. ಷೇಕ್ಸ್‌ಪಿಯರ್‌ನ ‘ಮೂರನೇ ರಿಚರ್ಡ್’ ನಾಟಕದಲ್ಲಿ, ಡ್ಯೂಕ್‌ ಸಾಹೇಬರಿಗೆ (ಆಗಿನ್ನೂ ರಾಜನಾಗಿರದ ರಿಚರ್ಡನಿಗೆ) ಊಟದ ಹೊತ್ತಾಯಿತು, ನಿವೇದನೆ ಬೇಗ ಮುಗಿಸಿ, ನಿಮ್ಮ ತಲೆ ನೋಡಲು ಅವರು ಕಾದಿದ್ದಾರೆ ಎಂದು ರಿಚರ್ಡನ ಬಂಟ ರ‍್ಯಾಟ್‌ಕ್ಲಿಫ್ ಮರಣದಂಡನೆಗೆ ಗುರಿಯಾದ ಲಾರ್ಡ್ ಹೇಸ್ಟಿಂಗ್ಸ್‌ನನ್ನು ಅವಸರಪಡಿಸುತ್ತಾನೆ. ನಿಜವಾದ ಹೇಸ್ಟಿಂಗ್ಸ್‌ನ ತಲೆ 1483ರಲ್ಲಿ ಲಂಡನ್ ಟವರ್‌ನಲ್ಲಿ ಉರುಳಿತು.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. 16ನೇ ಶತಮಾನದ ಮತಸುಧಾರಣೆಯಲ್ಲಿ ಕಡ್ಡಾಯ ಪಾಪನಿವೇದನೆ ತಪ್ಪಿದ ಮೇಲೆ ಈ ಕ್ರಿಯಾಪದವೂ ಸೊರಗಿತು. ಅದು ಉಳಿದಿರುವುದು ಮುಖ್ಯವಾಗಿ ಈ ನುಡಿಗಟ್ಟಿನಲ್ಲಿ ಮತ್ತು ಈಸ್ಟರ್‌ಗೆ ಮುಂಚಿನ ಕ್ರೈಸ್ತರ ಉಪವಾಸಕಾಲ ಶುರುವಾಗುವ ವಿಭೂತಿ ಬುಧವಾರದ ಹಿಂದಿನ ದಿನವಾದ ‘ಶ್ರೋವ್ ಟ್ಯೂಸ್‌ಡೇ’ಯಲ್ಲಿ. ಉಪವಾಸಕ್ಕೆ ಮೊದಲು ಮೊಟ್ಟೆ, ಬೆಣ್ಣೆ ಖಾಲಿ ಮಾಡಲು ಪ್ಯಾನ್‌ಕೇಕ್ ಹುಯ್ಯುವ ದಿನವದು. ಇಂಗ್ಲೆಂಡಿನ ಓಲ್ನಿಯಲ್ಲಿ ಹೆಂಗಸರು ಬಾಣಲೆ ಹಿಡಿದು ಚರ್ಚಿನತ್ತ 415 ಗಜ ಓಡುತ್ತಾರೆ. 1445ರಲ್ಲಿ ಗೃಹಿಣಿಯೊಬ್ಬಳು ನಿವೇದನೆಯ ಗಂಟೆ ಕೇಳಿ ಬಾಣಲೆಸಮೇತ ಓಡಿದ್ದೇ ಇದಕ್ಕೆ ಮೊದಲೆಂಬುದು ಅಲ್ಲಿಯ ಐತಿಹ್ಯ. ನಂಬುವುದು ಬಿಡುವುದು ನಿಮಗೆ ಸೇರಿದ್ದು.