ನೇರ ರಸ್ತೆ ಅಂಕುಡೊಂಕಾಗಿದ್ದು ಹೇಗೆ? ಉಪಗ್ರಹದೊಳಗಿನ ಸಣ್ಣ ನಡುಕದ ಕಥೆ

[ದೃಶ್ಯ: ಉಪಗ್ರಹ ತೆಗೆದ ಚಿತ್ರ. ರಸ್ತೆಯ ಅಂಚು ನಿಧಾನವಾಗಿ ಹತ್ತಿರ ಬರುತ್ತದೆ.]

ಈ ರಸ್ತೆ ನೋಡಿ. ನೆಲದ ಮೇಲೆ ಇದು ಗೆರೆ ಎಳೆದಷ್ಟು ನೇರ. ಚಿತ್ರದಲ್ಲಿ ಮಾತ್ರ ಹಾವು ಹರಿದ ಹಾಗಿದೆ. ಲೆನ್ಸ್ ಕೆಟ್ಟಿಲ್ಲ. ಫೋಟೋ ತೆಗೆಯುವಾಗ ಉಪಗ್ರಹ ನಡುಗಿದೆ, ಅಷ್ಟೇ.

ಎಷ್ಟು ನಡುಗಿರಬಹುದು? 1 ಕಿಲೋಮೀಟರ್ ದೂರದ ಗೋಡೆಗೆ ಲೇಸರ್ ಬಿಟ್ಟಿದ್ದೀರಿ ಅಂದುಕೊಳ್ಳಿ. ಚುಕ್ಕೆ 1 ಮಿಲಿಮೀಟರ್ ಸರಿದರೆ, ನಿಮ್ಮ ಕೈ ತಿರುಗಿದ್ದು 1 ಮೈಕ್ರೋರೇಡಿಯನ್. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ 500 ಕಿಲೋಮೀಟರ್ ಎತ್ತರದ ಉಪಗ್ರಹ ಅಷ್ಟೇ ತಿರುಗಿದರೆ, ನೆಲದ ಮೇಲೆ ಅದರ ನೋಟ ಅರ್ಧ ಮೀಟರ್ ಸರಿಯುತ್ತದೆ. ಒಳ್ಳೆಯ ಕ್ಯಾಮೆರಾದಲ್ಲಿ ಅದು ಪೂರ್ತಿ ಒಂದು ಪಿಕ್ಸೆಲ್!

[ದೃಶ್ಯ: ಉಪಗ್ರಹದ ಒಳಭಾಗ. ತಿರುಗುವ ಚಕ್ರ.]

ಅಲ್ಲಿ ಅಲುಗಾಡಿಸುವವರು ಯಾರು? ಉಪಗ್ರಹವೇ. ಅದರೊಳಗೆ ರಿಯಾಕ್ಷನ್ ವೀಲ್ ಅನ್ನುವ ಚಕ್ರಗಳಿವೆ. ಕ್ಯಾಮೆರಾವನ್ನು ಗುರಿಗೆ ತಿರುಗಿಸಿ ಗಟ್ಟಿಯಾಗಿ ಹಿಡಿಯುವುದು ಇವುಗಳ ಕೆಲಸ. ಎಷ್ಟೇ ಜೋಪಾನವಾಗಿ ಮಾಡಿದರೂ ಚಕ್ರದ ಒಂದು ಬದಿ ಒಂಚೂರು ಭಾರ ಇದ್ದೇ ಇರುತ್ತದೆ. ನಿಮಿಷಕ್ಕೆ 3000 ಸುತ್ತು ಅಂದರೆ ಸೆಕೆಂಡಿಗೆ 50 ಸಣ್ಣ ತಳ್ಳು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಕನ್ನಡಿಯ ಆಧಾರವೂ ಅದೇ ಲಯದಲ್ಲಿ ಕಂಪಿಸುವಂಥದ್ದಾದರೆ ಮುಗೀತು, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ನಡುಕ ಏರುತ್ತದೆ. ಅಲುಗದಂತೆ ಹಿಡಿಯುವ ಚಕ್ರವೇ ಅಲುಗಿಸುತ್ತದೆ ಅನ್ನುವುದು ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ.

ಚಕ್ರ ಒಂದೇ ಅಲ್ಲ. 1990ರಲ್ಲಿ ಹಾರಿದ ಹಬಲ್ ದೂರದರ್ಶಕ ಬಿಸಿಲಿಂದ ನೆರಳಿಗೆ ಹೋದಾಗೆಲ್ಲ ಅದರ ಸೌರ ಫಲಕಗಳು ಬಾಗಿ ನಡುಗುತ್ತಿದ್ದವು. 1993ರಲ್ಲಿ ಗಗನಯಾತ್ರಿಗಳೇ ಹೋಗಿ ಫಲಕ ಬದಲಿಸಿದರು.

[ದೃಶ್ಯ: ಚಿತ್ರ ಸಾಲು ಸಾಲಾಗಿ ಮೂಡುತ್ತದೆ.]

ಮತ್ತೆ ರಸ್ತೆಗೆ ಬರೋಣ. ಇಂಥ ಕ್ಯಾಮೆರಾ ಇಡೀ ಫೋಟೋವನ್ನು ಒಂದೇ ಸಲ ತೆಗೆಯುವುದಿಲ್ಲ, ಸಾಲು ಸಾಲಾಗಿ ಕಟ್ಟುತ್ತದೆ. ನಡುಕ ನಿಧಾನವಾಗಿದ್ದರೆ ಸಾಲುಗಳು ಅತ್ತಿತ್ತ ಸರಿಯುತ್ತವೆ, ಅದೇ ಈ ಅಂಕುಡೊಂಕು. ಇದನ್ನು ಸಾಫ್ಟ್‌ವೇರ್ ಬಹುಪಾಲು ತಿದ್ದುತ್ತದೆ. ನಡುಕ ತುಂಬಾ ವೇಗವಾಗಿದ್ದರೆ, ಒಂದು ಸಾಲಿಗೆ ಬೆಳಕು ತುಂಬುವಷ್ಟರಲ್ಲೇ ನೋಟ ಕದಲಿ ಚಿತ್ರ ಮಸುಕಾಗುತ್ತದೆ. ಹಾಗೆ ಕಳೆದುಹೋದ ವಿವರ ಪೂರ್ತಿ ವಾಪಸ್ ಸಿಗುವುದು ಕಷ್ಟ.

ಉಪಗ್ರಹದ ನೋಟ ನೆಲದ ಮೇಲೆ ಸೆಕೆಂಡಿಗೆ ಸುಮಾರು 7 ಕಿಲೋಮೀಟರ್ ಓಡುತ್ತದೆ. ಈಗ ರಸ್ತೆಯ ಒಂದು ಅಲೆ ಅಳೆಯಿರಿ: 140 ಮೀಟರ್. 7 ಕಿಲೋಮೀಟರಿನಲ್ಲಿ ಇಂಥ 50 ಅಲೆ, ಅಂದರೆ ಸೆಕೆಂಡಿಗೆ 50 ನಡುಕ. ನಮ್ಮ 3000 ಸುತ್ತಿನ ಚಕ್ರ ಸಿಕ್ಕಿಬಿತ್ತು, ಅಲ್ವಾ? ಇನ್ನು ಮುಂದೆ ಫೋಟೋ ತೆಗೆಯುವಾಗ ಆ ಚಕ್ರವನ್ನು ಆ ವೇಗದಲ್ಲಿ ಓಡಿಸದಿದ್ದರಾಯಿತು.