ಆ ನೋಟ್‌ಬುಕ್ ಯಾರದ್ದು?

ನಮಸ್ಕಾರ. ಚುನಾವಣೆ ಹತ್ತಿರ ಬಂತು ಅಂದರೆ ಒಂದು ಸುದ್ದಿ ಇದ್ದೇ ಇರುತ್ತದೆ. ಇಂಥ ಪತ್ರಕರ್ತರು ಇಂಥ ಪಕ್ಷ ಸೇರಿದರು. ಶಾಲು, ಹಾರ, ಫೋಟೊ.

ಹೋಗಲೇಬಾರದು ಅಂತ ನಾನು ಹೇಳುವುದಿಲ್ಲ. ಹುಬ್ಬಳ್ಳಿಯ ಪತ್ರಕರ್ತ ಪಾಟೀಲ ಪುಟ್ಟಪ್ಪನವರು, ನಮ್ಮೆಲ್ಲರ ಪಾಪು, 1962ರಿಂದ 1974ರವರೆಗೆ ರಾಜ್ಯಸಭೆಯಲ್ಲಿದ್ದರು. ಪತ್ರಿಕೆಯಲ್ಲಿ ಅಂಕಣ ಬರೆಯುತ್ತಿದ್ದ ಪ್ರತಾಪ್ ಸಿಂಹ 2014ರಲ್ಲಿ ಮೈಸೂರು-ಕೊಡಗು ಸಂಸದರಾದರು, 2019ರಲ್ಲಿ ಮತ್ತೆ ಗೆದ್ದರು. ಇವರನ್ನು ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಇಬ್ಬರೂ ಯಾವುದರ ಪರ ಅಂತ ಓದುಗರಿಗೆ ಮೊದಲೇ ಗೊತ್ತಿತ್ತು, ಅಲ್ವಾ? ಪಾಪು ಅಂದರೆ ಕನ್ನಡ, ಏಕೀಕರಣ. ಸಿಂಹ ಅವರ ಅಂಕಣ ಓದಿದವರಿಗೆ ಅವರು ಯಾವ ಕಡೆ ಅಂತ ಊಹಿಸುವುದು ಕಷ್ಟವಿರಲಿಲ್ಲ.

ನನ್ನ ಸಂಕಟ ವರದಿಗಾರರ ಬಗ್ಗೆ, ಸುದ್ದಿಮನೆ ನಡೆಸುವವರ ಬಗ್ಗೆ. ಅಶುತೋಷ್ 2014ರ ಜನವರಿಯಲ್ಲಿ ಹಿಂದಿ ನ್ಯೂಸ್ ಚಾನೆಲ್ ಬಿಟ್ಟು ಆಮ್ ಆದ್ಮಿ ಪಕ್ಷ ಸೇರಿದರು. ಏಪ್ರಿಲ್‌ನಲ್ಲಿ ದೆಹಲಿಯ ಚಾಂದನಿ ಚೌಕ್‌ನಲ್ಲಿ ಅವರೇ ಅಭ್ಯರ್ಥಿ. ಸೋತರು, 2018ರಲ್ಲಿ ಪಕ್ಷವನ್ನೂ ಬಿಟ್ಟರು. ಅವರು ತಪ್ಪು ಮಾಡಿದರು ಅನ್ನುತ್ತಿಲ್ಲ. ಆದರೆ ಮಧ್ಯೆ ಇದ್ದದ್ದು ಬರೀ ಮೂರು ತಿಂಗಳು. ನೋಡುಗ ಹಿಂದಕ್ಕೆ ಎಣಿಸಿಯೇ ಎಣಿಸುತ್ತಾನೆ: ಡಿಸೆಂಬರ್‌ನಲ್ಲಿ ನಾನು ನೋಡಿದ್ದು ಸುದ್ದಿಯಾ, ಪ್ರಚಾರವಾ?

ಇದಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು ಇನ್ನೊಂದು. ನಾನು ಜಿಲ್ಲಾ ವರದಿಗಾರನಾಗಿದ್ದಾಗ ಪಕ್ಕದ ಮೇಜಿನಲ್ಲಿ ಒಬ್ಬ ಗೆಳೆಯ ಇದ್ದ. ಒಳ್ಳೆ ವರದಿಗಾರ. ಜೇಬಲ್ಲಿ ಸದಾ ಒಂದು ಸ್ಪೈರಲ್ ನೋಟ್‌ಬುಕ್, ಸುರುಳಿಗೆ ಸಿಕ್ಕಿಸಿದ ರೀಫಿಲ್. ರಾತ್ರಿ ಎಷ್ಟು ಮರಳು ಲಾರಿ ಹೋದವು, ಯಾರ ಲಾರಿ ಅಂತ ಒಬ್ಬ ಗ್ರಾಮ ಲೆಕ್ಕಿಗ ಅವನಿಗೆ ಹೇಳುತ್ತಿದ್ದ. ಪ್ರತಿ ಸಲ ಒಂದೇ ಮಾತು: "ನನ್ನ ಹೆಸರು ಬೇಡ ಸರ್, ಮಕ್ಕಳಿದ್ದಾರೆ." ಒಂದು ದಿನ ಗೆಳೆಯ ಪಕ್ಷದ ವೇದಿಕೆ ಮೇಲೆ ಕೂತ. ಪಕ್ಕದಲ್ಲೇ ಆ ಲಾರಿ ಮಾಲೀಕ. ಅವತ್ತು ರಾತ್ರಿ ಲೆಕ್ಕಿಗ ನನಗೆ ಫೋನ್ ಮಾಡಿದ. ದನಿ ನಡುಗುತ್ತಿತ್ತು. "ಸರ್, ಆ ಬುಕ್ಕಲ್ಲಿ ನನ್ನ ನಂಬರ್ ಇದೆಯಲ್ಲಾ?"

ಗೆಳೆಯ ಯಾರಿಗೂ ಹೇಳಿರಲಿಲ್ಲ, ಅದು ನನಗೆ ಗೊತ್ತು. ಆದರೆ ಆ ಮನುಷ್ಯ ಹೇಗೆ ನಂಬಬೇಕು?

ಅದಕ್ಕೇ ನಾನು ಕೇಳುವುದು ಇಷ್ಟೇ. ಪಕ್ಷದಿಂದ ಮೊದಲ ಕರೆ ಬಂದ ದಿನವೇ ಸಂಪಾದಕರಿಗೆ ಹೇಳಿ. ಅವತ್ತಿನಿಂದ ರಾಜಕೀಯ ವರದಿ ಬಿಡಿ. ಕೆಲಸ ಬಿಟ್ಟ ಮೇಲೂ ಕಡೇಪಕ್ಷ ಒಂದು ವರ್ಷ ಸುಮ್ನೆ ಮನೆಯಲ್ಲಿ ಕೂತುಕೊಳ್ಳಿ. ಟಿಕೆಟ್ ಕೈತಪ್ಪಬಹುದು, ತಪ್ಪಲಿ. ನಿಮ್ಮನ್ನು ನಂಬಿ ಮಾತಾಡಿದ ಒಬ್ಬೊಬ್ಬರಿಗೂ ನೀವೇ ಫೋನ್ ಮಾಡಿ ತಿಳಿಸಿ. ವೇದಿಕೆ ಹತ್ತುವ ಮೊದಲು, ಆಮೇಲಲ್ಲ.

ಆ ಲೆಕ್ಕಿಗ ಆಮೇಲೆ ನನಗೂ ಯಾವತ್ತೂ ಫೋನ್ ಮಾಡಲಿಲ್ಲ. ಲಾರಿಗಳು ಮಾತ್ರ ಓಡುತ್ತಲೇ ಇದ್ದವು.