ಕೆಲಸ ಮುಗಿದ ಮೇಲೆ ಅಲ್ಲ, ಊಟ ಆದ ಮೇಲೆ

ನಮಸ್ಕಾರ. ಕಾಸರಗೋಡಿನ ಬದಿಯಡ್ಕದ ಕಡೆಯ ಒಂದು ಮನೆ ಅಂದುಕೊಳ್ಳಿ. ಮಧ್ಯಾಹ್ನ ಎರಡು ಗಂಟೆ. ಊಟ ಆಗಿದೆ, ಪಾತ್ರೆ ತೊಳೆದಾಗಿದೆ, ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿದೆ. ಮನೆಯ ಅಕ್ಕ ಒಳಕೋಣೆಯಲ್ಲಿ ಚಾಪೆ ಹಾಸಿ ಈಗಷ್ಟೇ ಬೆನ್ನು ನೆಲಕ್ಕೆ ತಾಗಿಸಿದ್ದಾರೆ. ಗೇಟಿನ ಚಿಲಕ ಸದ್ದಾಯಿತು. ತಟ್ಟನೆ ಎದ್ದು ಚಾಪೆ ಸುತ್ತಿ ಬಾಗಿಲ ಹಿಂದೆ ಇಟ್ಟು, ಬೀಡಿ ಕಟ್ಟುವ ತಡ್ಪೆಯನ್ನು (ಮೊರವನ್ನು) ಮಡಿಲಿಗೆ ಎಳೆದುಕೊಂಡರು. ಬಂದದ್ದು ನೆರೆಮನೆಯ ಮಗು, ಹೆಪ್ಪಿಗೆ ಸ್ವಲ್ಪ ಮಜ್ಜಿಗೆ ಕೇಳಲು.

ಮಗುವಿನ ಕಣ್ಣಿಗೂ ಮಲಗಿದ್ದು ಬೀಳಬಾರದು ಅನ್ನುವ ಈ ಅಳುಕು ಎಲ್ಲಿಂದ ಬಂತು? ನನ್ನ ಉತ್ತರ ಇಷ್ಟು: ವಿಶ್ರಾಂತಿಯನ್ನು ನಾವು ಕೆಲಸದ ಬಾಲಕ್ಕೆ ಕಟ್ಟಿದ್ದೇವೆ. "ಎಲ್ಲ ಮುಗಿಯಲಿ, ಆಮೇಲೆ ಕೂರುತ್ತೇನೆ." ಮನೆಯ ಕೆಲಸಕ್ಕೆ, ತೋಟದ ಕೆಲಸಕ್ಕೆ ಮುಗಿಯುವುದು ಅಂತ ಒಂದಿದೆಯೇ? ಹಾಗಾಗಿ ಯಾವಾಗ ಕೂತರೂ ಅರ್ಧಕ್ಕೆ ಬಿಟ್ಟು ಕೂತ ಹಾಗೆಯೇ ಅನಿಸುತ್ತದೆ.

ನಮ್ಮ ತುಳುನಾಡಿನ ಹಿರಿಯರ ಲೆಕ್ಕ ಹೀಗಿರಲಿಲ್ಲ. ಕೆಡ್ಡಾಸ ನೆನಪಿಸಿಕೊಳ್ಳಿ. ಮಕರ ತಿಂಗಳ ಕೊನೆಗೆ, ಫೆಬ್ರವರಿ ಎರಡನೇ ವಾರದ ಹೊತ್ತಿಗೆ, ಭೂಮಿತಾಯಿ ಮುಟ್ಟಾಗುತ್ತಾಳೆ ಅನ್ನುವ ನಂಬಿಕೆ. ಮೂರು ದಿನ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ. ಆಮೇಲೆ ಹೆಂಗಸರು ನೆಲಕ್ಕೆ ಎಣ್ಣೆ ಬಿಟ್ಟು ಅವಳಿಗೆ ಮೀಯಿಸುತ್ತಾರೆ. ಬೇಸಾಯ ಮುಗಿಯಿತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ದಿನ ಬಂತು, ಹಾರೆ ಕೆಳಗೆ ಇಟ್ಟರು, ಅಷ್ಟೇ.

ಕಾನೂನೂ ಇದನ್ನೇ ಹೇಳುತ್ತದೆ. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರಬೇಕಾಗಿದ್ದ ಹೆಣ್ಣುಮಕ್ಕಳು ಹೋರಾಡಿದ್ದರಿಂದ 2018ರಲ್ಲಿ ಕೇರಳದ ಅಂಗಡಿ ಕಾನೂನಿಗೆ ತಿದ್ದುಪಡಿ ಬಂತು, ಕೂರಲು ಆಸನ ಕೊಡಲೇಬೇಕಾಯಿತು. ಬೇಸಿಗೆಯಲ್ಲಿ ಬಿಸಿಲಿಗೆ ದುಡಿಯುವವರಿಗೆ 12ರಿಂದ 3ರವರೆಗೆ ವಿರಾಮ ಕೊಡಿ ಎಂದು ಕಾರ್ಮಿಕ ಇಲಾಖೆ ಆದೇಶ ಹೊರಡಿಸುತ್ತದೆ. ಸಂಬಳದ ಕೆಲಸಕ್ಕೆ ಸಿಕ್ಕಿದ ಈ ಮಾತು ಅಡಿಗೆಮನೆಯೊಳಗೆ ಇನ್ನೂ ಬಂದಿಲ್ಲ.

ಈಗ ಮಾಡುವುದು ಹೇಗೆ? ಊಟದ ನಂತರ ಒಂದು ಹೊತ್ತು ಗೊತ್ತುಮಾಡಿ. ಒಂದೂವರೆ ಅಂದರೆ ಒಂದೂವರೆ. ಇಪ್ಪತ್ತೈದು ನಿಮಿಷಕ್ಕೆ ಅಲಾರಂ ಇಡಿ. ಇದು ಮುಖ್ಯ. ಅರ್ಧ ಗಂಟೆ ದಾಟಿದರೆ ನಿದ್ದೆ ಆಳಕ್ಕೆ ಇಳಿಯುತ್ತದೆ. ನಡುವೆ ಎದ್ದರೆ ತಲೆ ಭಾರ, ಮೈ ಜಡ. ಆಗಲೇ "ಛೆ, ಮಲಗಲೇಬಾರದಿತ್ತು" ಅನಿಸುವುದು. ತಪ್ಪು ಮಲಗಿದ್ದರಲ್ಲಿ ಇಲ್ಲ, ಅಳತೆಯಲ್ಲಿದೆ. ಮೂರು ಗಂಟೆಯ ನಂತರ ಬೇಡ, ರಾತ್ರಿಯ ನಿದ್ದೆಗೆ ಕಲ್ಲು ಬೀಳುತ್ತದೆ. ನಿದ್ದೆ ಬರಲೇಬೇಕೆಂದೂ ಇಲ್ಲ, ಕಣ್ಣು ಮುಚ್ಚಿ ಬಿದ್ದುಕೊಂಡರೂ ಆಯಿತು.

ಮಲಗುವ ಮೊದಲು ಬಾಕಿ ಕೆಲಸವನ್ನು ಚೀಟಿಯಲ್ಲಿ ಬರೆಯಿರಿ. "ಬ್ಯಾಂಕಿನ ಕೆಲಸ" ಅಂತ ಅಲ್ಲ, "ನಾಲ್ಕು ಗಂಟೆಗೆ ಪಾಸ್‌ಬುಕ್ ಹುಡುಕುವುದು" ಅಂತ. ಯಾವಾಗ, ಏನು ಅಂತ ಗೊತ್ತಾದ ಮೇಲೆ ಮನಸ್ಸು ಅದನ್ನೇ ಮೆಲುಕು ಹಾಕುವುದು ಕಡಿಮೆಯಾಗುತ್ತದೆ. ಮೊಬೈಲು ಬೇರೆ ಕೋಣೆಯಲ್ಲಿರಲಿ, ಅಲಾರಂ ಅಲ್ಲಿಂದಲೇ ಕೇಳುತ್ತದೆ. ರೀಲ್ಸ್ ನೋಡುತ್ತ ಮುಕ್ಕಾಲು ಗಂಟೆ ಹೋದರೆ ಹೊತ್ತೂ ಹೋಯಿತು, ದಣಿವೂ ಆರಲಿಲ್ಲ.

ಮೊದಲ ವಾರ ಹತ್ತೇ ನಿಮಿಷ ಸಾಕು. ಐದನೇ ನಿಮಿಷಕ್ಕೆ ಚಡಪಡಿಕೆ ಬರುತ್ತದೆ, ಎದ್ದು ಏನಾದರೂ ಮಾಡೋಣ ಅನಿಸುತ್ತದೆ. ಏಳಬೇಡಿ. ಎದ್ದರೆ ಅಳುಕಿಗೆ ಗೆಲ್ಲುವುದು ಅಭ್ಯಾಸವಾಗುತ್ತದೆ. ಅಲಾರಂ ಆಗುವವರೆಗೆ ಹಾಗೇ ಇದ್ದರೆ ದಿನದಿಂದ ದಿನಕ್ಕೆ ಅದು ಸಡಿಲವಾಗುತ್ತದೆ.

ಮನೆಯವರಿಗೆ "ತಲೆನೋವು, ಸ್ವಲ್ಪ ಒರಗುತ್ತೇನೆ" ಅನ್ನಬೇಡಿ. ನೋವು ಇದ್ದರೆ ಮಾತ್ರ ಮಲಗಬಹುದು ಎಂದು ಮಕ್ಕಳೂ ಕಲಿಯುತ್ತಾರೆ. "ಎರಡು ಗಂಟೆಯವರೆಗೆ ನನ್ನನ್ನು ಕರೆಯಬೇಡಿ" ಅನ್ನಿ. ಗೇಟು ಸದ್ದಾದರೆ ಚಾಪೆ ಅಲ್ಲೇ ಇರಲಿ, "ಮಲಗಿದ್ದೆ, ಏನು ಬೇಕಿತ್ತು?" ಅಂತ ಕೇಳಿ.

ಎರಡು ವಾರ ಹೀಗೆ ಮಾಡಿ, ರಾತ್ರಿ ಏಳು ಗಂಟೆ ನಿದ್ದೆಯೂ ಆಗಿ, ದಣಿವು ಇಳಿಯದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ನೋಡಿಸಿ. ಯಾವುದರಲ್ಲೂ ಮನಸ್ಸಿಲ್ಲ, ತಾನು ಬದುಕಿದ್ದೇ ತಪ್ಪು ಅನಿಸುತ್ತಿದ್ದರೆ ಅದು ಬರೀ ಅಳುಕಲ್ಲ. ತಡಮಾಡದೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ.

ಇನ್ನು ಚಾವಡಿಯಲ್ಲಿ ಉಂಡು ಒರಗುವ ಅಣ್ಣಂದಿರಿಗೆ ಒಂದು ಮಾತು. ನಿಮ್ಮ ನಿದ್ದೆ ಬಿಡಿ ಅನ್ನುವುದಿಲ್ಲ. ಮಧ್ಯಾಹ್ನದ ಪಾತ್ರೆ ಮಾತ್ರ ಇವತ್ತಿಂದ ನಿಮ್ಮ ಪಾಲಿಗಿರಲಿ. ಐದು ಜನರ ಬಟ್ಟಲು, ಎರಡು ಪಾತ್ರೆ, ಇಪ್ಪತ್ತು ನಿಮಿಷದ ಕೆಲಸ. ಅದನ್ನು ಮುಗಿಸಿ ಒರಗಿ.